ಕಪ್ಪು ಕುಳಿ ಮತ್ತು ಗೋಣಿಬೀಡಿನ ಮಳೆ

ಪುಣೆ
3 ಆಗಸ್ಟ್ 1997

ಪ್ರೀತಿಯ ಅತ್ತೆಗೆ ಶಾಲಿನಿಯ ನಮಸ್ಕಾರ.

ಈ ಕಾಗದ ನೋಡಿ ನಿಮಗೆ ಆಶ್ಚರ್ಯವಾಗಬಹುದು, ಸಿಟ್ಟೂ ಬರಬಹುದು. ಯಾವುದಾದರೂ ಪರವಾಗಿಲ್ಲ, ಒಂದು ಉತ್ತರ ಬಂದರೆ ಸಾಕು. ಇಲ್ಲಿಗೆ ಬಂದು ವರ್ಷವಾಯಿತು. ಅಪ್ಪನಿಗೆ ನಾಲ್ಕು ಕಾಗದ ಬರೆದೆ, ಒಂದಕ್ಕೂ ಜವಾಬಿಲ್ಲ. ಫೋನ್ ಮಾಡಿದರೆ ಅವರೇ ಎತ್ತುತ್ತಾರೆ, ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತಾರೆ. ಇಡುವುದೂ ಮೆಲ್ಲಗೆ. ಕುಕ್ಕಿ ಇಟ್ಟಿದ್ದರೆ ಇಷ್ಟು ನೋವಾಗುತ್ತಿರಲಿಲ್ಲವೇನೋ.

ನಾನು ಮಾಡಿದ್ದು ಸಣ್ಣ ಕೆಲಸವಲ್ಲ ಎಂದು ನನಗೂ ಗೊತ್ತು. ವಸ್ತಾರೆಯ ಗಂಡಿನ ಕಡೆಯವರು ಬಂದು ವೀಳ್ಯಶಾಸ್ತ್ರ ಮುಗಿಸಿ, ಲಗ್ನದ ದಿನ ಗೊತ್ತುಮಾಡಿಕೊಂಡು ಹೋದ ಮೇಲೆ ಒಲ್ಲೆ ಎಂದೆ. ಶಶಿಧರ್ ಕೆಟ್ಟವನಲ್ಲ. ಅವನ ತಂದೆ ಅಪ್ಪನ ಬಾಲ್ಯದ ಗೆಳೆಯರೆಂಬುದನ್ನೂ ನಾನು ಮರೆತಿರಲಿಲ್ಲ. ಆದರೆ ಇಲ್ಲಿ ಸಂಶೋಧನೆಗೆ ಸೀಟು ಸಿಕ್ಕಿದ ಸುದ್ದಿ ಅದೇ ವಾರ ಬಂತು. ಓದು ಮುಗಿಯುವ ತನಕ ತಡೆಯಿರಿ ಎಂದು ಕೇಳಿದರೆ, ಎಸ್ಟೇಟ್ ಸೊಸೆಗೆ ಅಷ್ಟೆಲ್ಲ ಓದು ಯಾಕೆ ಎಂದು ಅವರು ನಕ್ಕರು. ಅಪ್ಪ ಕೊಟ್ಟ ಮಾತು ನನ್ನಿಂದ ಮುರಿಯಿತು, ಅದರ ಜೊತೆ ಐವತ್ತು ವರ್ಷದ ಗೆಳೆತನವೂ ಮುರಿಯಿತು. ‘ನಂಗೆ ಮಗಳಿಲ್ಲ’ ಎಂದರು. ಬೈದಿದ್ದರೆ ಎದುರು ಮಾತಾಡಬಹುದಿತ್ತು.

ಹೊರಟ ದಿನ ಅವರು ಕಾಫಿ ಕಣದಲ್ಲಿ ಕೈ ಹಿಂದೆ ಕಟ್ಟಿಕೊಂಡು ಬೆನ್ನು ಮಾಡಿ ನಿಂತಿದ್ದರು. ಜೀಪು ಗೇಟು ದಾಟುವ ತನಕ ತಿರುಗಿ ನೋಡುತ್ತಲೇ ಇದ್ದೆ. ಅವರು ತಿರುಗಲಿಲ್ಲ.

ಅಮ್ಮ ಹೋದ ಮೇಲೆ ನನಗೆ ತಲೆ ಬಾಚಿ, ತುತ್ತಿಟ್ಟು ಬೆಳೆಸಿದವರು ನೀವು. ನಿಮ್ಮ ಹತ್ತಿರ ಕೇಳದೆ ಇನ್ಯಾರ ಹತ್ತಿರ ಕೇಳಲಿ? ಅಪ್ಪ ಹೇಗಿದ್ದಾರೆ? ನನ್ನ ಮಾತು ಯಾವಾಗಲಾದರೂ ಎತ್ತುತ್ತಾರಾ?

ನಿಮ್ಮ
ಶಾಲಿನಿ

*

ಕಲ್ಲುಗುಡ್ಡೆ ಎಸ್ಟೇಟ್, ಗೋಣಿಬೀಡು
24 ಆಗಸ್ಟ್ 1997

ಚಿ. ಶಾಲಿನಿಗೆ ಪಾಪಮ್ಮತ್ತೆ ಮಾಡುವ ಆಶೀರ್ವಾದ.

ಮಳೆ ನಿನ್ನೆ ಎರಡು ಇಂಚು ಅರವತ್ತಮೂರು ಸೆಂಟ್. ಮೊನ್ನೆ ನಾಲ್ಕು ಇಂಚು ಹದಿನೇಳು ಸೆಂಟ್. ಗಿಡದಲ್ಲಿ ಕೊಳೆರೋಗ ಕಾಣಿಸಿದೆ.

ವರ್ಷದ ಮೇಲೆ ಅತ್ತೆಯ ನೆನಪಾಯಿತಲ್ಲ, ದೊಡ್ಡ ಉಪಕಾರವಾಯಿತು ಮಾರಾಯ್ತಿ. ನಾನೇನು ನಿನ್ನ ಮೇಲೆ ಸಿಟ್ಟು ಮಾಡಿಲ್ಲ. ಮಾಡಿದ್ದೆ, ಅದು ದೀಪಾವಳಿಗೇ ಮುಗಿಯಿತು. ಅಲ್ಲಿ ಊಟಕ್ಕೆ ಚಪಾತಿಯೊಂದೇ ಅಂತೆ, ಹೌದಾ? ಅಕ್ಕಿರೊಟ್ಟಿ ತಿಂದು ಬೆಳೆದ ಹೊಟ್ಟೆ ಅದು, ಹೇಗೆ ತಡೆಯುತ್ತದೋ ಕಾಣೆ.

ಇನ್ನು ನೀನು ಕೇಳಿದ್ದು. ನಾಗೇಶ ನನ್ನ ತಮ್ಮನೇ ಆದರೂ ಅವನ ಮನಸ್ಸಿನಲ್ಲಿ ಏನಿದೆ ಎಂದು ಕೇಳುವ ಧೈರ್ಯ ನನಗಿಲ್ಲ. ನಿನ್ನ ಹೆಸರು ಈ ಮನೆಯಲ್ಲಿ ಎತ್ತಬಾರದೆಂದು ಅಪ್ಪಣೆಯಾಗಿದೆ, ಅವನೂ ಎತ್ತಿಲ್ಲ, ನಾವೂ ಎತ್ತಿಲ್ಲ. ಸುಳ್ಳು ಹೇಳಿ ನಿನಗೆ ಸಮಾಧಾನ ಮಾಡಲಾರೆ. ಫೋನು ಅವನ ಕುರ್ಚಿಯ ಪಕ್ಕದಲ್ಲೇ ಇರುವುದರಿಂದ ನನಗೆ ಮಾತಾಡಲಿಕ್ಕಾಗದು. ಕಾಗದ ಬರೆ. ನನ್ನ ಹೆಸರಿಗೆ ಬಂದದ್ದನ್ನು ಯಾರೂ ತಡೆಯುವುದಿಲ್ಲ. ನನ್ನದನ್ನು ಮೇಸ್ತ್ರಿ ಕೆಂಚಯ್ಯ ಗೋಣಿಬೀಡಿಗೆ ಹೋದಾಗ ಅಂಚೆಗೆ ಹಾಕುತ್ತಾನೆ.

ನೀನು ಓದುತ್ತಿರುವುದು ಏನು ಎಂದು ಇಲ್ಲಿ ಕೇಳುವವರಿಗೆ ಏನು ಹೇಳಬೇಕೋ ತಿಳಿಯದೆ, ಡಾಕ್ಟರ್ ಓದುತ್ತಿದ್ದಾಳೆ ಎಂದುಬಿಟ್ಟೆ. ಈಗ ನೆರೆಮನೆ ಸಾವಿತ್ರಮ್ಮ ಅವಳ ಮಂಡಿನೋವಿಗೆ ಔಷಧಿ ಬರೆಸಿಕೊಡು ಎಂದು ಗಂಟುಬಿದ್ದಿದ್ದಾಳೆ. ಸರಿಯಾಗಿ ತಿಳಿಸು.

ಪಾಪಮ್ಮ

*

ಪುಣೆ
15 ಫೆಬ್ರವರಿ 1998

ಪ್ರೀತಿಯ ಅತ್ತೆಗೆ,

ಸಾವಿತ್ರಮ್ಮನವರಿಗೆ ನನ್ನ ಡಾಕ್ಟರಿಕೆಯಿಂದ ಮೂರು ಕಾಸಿನ ಪ್ರಯೋಜನವಿಲ್ಲ ಎಂದು ಹೇಳಿಬಿಡಿ. ನಾನು ಓದುತ್ತಿರುವುದು ಕಪ್ಪು ಕುಳಿಗಳ ವಿಷಯ. ಭಾರೀ ನಕ್ಷತ್ರವೊಂದು ಉರಿದು ಮುಗಿದ ಮೇಲೆ ತನ್ನ ಭಾರಕ್ಕೆ ತಾನೇ ಕುಸಿದು ಹೀಗಾಗುತ್ತದೆ. ಅದರ ಸುತ್ತ ಒಂದು ಅಂಚಿದೆ. ಪುಸ್ತಕದಲ್ಲಿ ಘಟನಾ ಕ್ಷಿತಿಜ ಎನ್ನುತ್ತಾರೆ, ನಮಗೆ ಅಂಚು ಎಂದರೆ ಸಾಕು. ಅಲ್ಲಿ ಗೋಡೆಯಿಲ್ಲ, ಬೇಲಿಯಿಲ್ಲ. ದೊಡ್ಡ ಕುಳಿಯಾದರೆ ದಾಟಿದವನಿಗೆ ದಾಟಿದ್ದೇ ತಿಳಿಯುವುದಿಲ್ಲ. ಆದರೆ ಒಮ್ಮೆ ದಾಟಿದ ಮೇಲೆ ಬೆಳಕು ಕೂಡ ಹಿಂದೆ ಬರಲಾರದು. ಒಳಗಿನಿಂದ ಎಷ್ಟು ಕೂಗಿದರೂ ಹೊರಗಿನವರಿಗೆ ಕೇಳುವುದಿಲ್ಲ.

ಹೊರಗೆ ನಿಂತು ನೋಡುವವರಿಗೆ ಇನ್ನೊಂದು ವಿಚಿತ್ರವಿದೆ. ಬೀಳುತ್ತಿರುವವನು ಅಂಚನ್ನು ದಾಟಿದ್ದು ಅವರಿಗೆ ಕಾಣುವುದೇ ಇಲ್ಲ. ಅವನು ನಿಧಾನವಾಗುತ್ತ, ಕೆಂಪಾಗುತ್ತ, ಮಂಕಾಗುತ್ತ ಅಲ್ಲೇ ನಿಂತಂತೆ ಕಾಣುತ್ತಾನೆ. ಅದನ್ನು ಮೊದಲು ಓದಿದಾಗ ನನಗೆ ಕಾಫಿ ಕಣದಲ್ಲಿ ಬೆನ್ನು ಮಾಡಿ ನಿಂತ ಅಪ್ಪನ ನೆನಪಾಯಿತು. ನನ್ನ ಪಾಲಿಗೆ ಅವರು ಇನ್ನೂ ಅಲ್ಲೇ ನಿಂತಿದ್ದಾರೆ.

ಜಗಳ ಇರುವುದು ಮುಂದಿನ ವಿಷಯಕ್ಕೆ. ಆ ಕುಳಿಯಿಂದ ತೀರಾ ಸಣ್ಣದೊಂದು ಕಾವು ಹೊರಗೆ ಬರುತ್ತಿರಬೇಕೆಂದು ಲೆಕ್ಕ ಹೇಳುತ್ತದೆ. ಕಾವು ಹೋದಷ್ಟೂ ಕುಳಿ ಸವೆಯುತ್ತದೆ. ಕೋಟಿಗಟ್ಟಲೆ ವರ್ಷದ ಮೇಲೆ ಅದೂ ಕರಗಿಹೋದರೆ, ಒಳಗೆ ಬಿದ್ದದ್ದರ ಸುದ್ದಿಯೆಲ್ಲ ಎಲ್ಲಿ ಹೋಯಿತು? ಕಾವು ಬರೀ ಕಾವು, ಅದರಲ್ಲಿ ಸುದ್ದಿ ಏನೂ ಇಲ್ಲ, ಹೋದದ್ದು ಹೋದ ಹಾಗೆಯೇ ಎನ್ನುವವರು ಒಂದು ಕಡೆ. ಲೋಕದಲ್ಲಿ ಯಾವುದರ ಸುದ್ದಿಯೂ ಪೂರ್ತಿ ಅಳಿಸುವುದಿಲ್ಲ, ಆ ಕಾವಿನಲ್ಲೇ ಕದಡಿಕೊಂಡು ಬರುತ್ತಿದೆ, ನಮಗೆ ಓದಲು ಬಾರದು ಅಷ್ಟೇ ಎನ್ನುವವರು ಇನ್ನೊಂದು ಕಡೆ. ಹೋದ ವರ್ಷ ಹೊರದೇಶದ ದೊಡ್ಡ ವಿಜ್ಞಾನಿಗಳು ಇದರ ಮೇಲೆ ಪಂಥ ಕಟ್ಟಿದ್ದಾರೆ.

ಪಂಥಕ್ಕೆ ನನ್ನನ್ನು ಯಾರೂ ಕರೆದಿಲ್ಲ. ಕರೆದರೆ ನಾನು ಹೋದದ್ದು ಹೋಯಿತು ಎನ್ನುವವರ ಕಡೆ. ನಾಲ್ಕು ಕಾಗದ ಹಾಕಿ ನೋಡಿದ್ದೇನಲ್ಲ.

ನಿಮ್ಮ
ಶಾಲಿನಿ

*

ಕಲ್ಲುಗುಡ್ಡೆ ಎಸ್ಟೇಟ್
9 ಏಪ್ರಿಲ್ 1998

ಚಿ. ಶಾಲಿನಿಗೆ ಆಶೀರ್ವಾದ.

ಹೂಮಳೆ ಬಂತು. ಮಾರ್ಚ್ ಇಪ್ಪತ್ತೆರಡಕ್ಕೆ ಒಂದು ಇಂಚು ಎಂಟು ಸೆಂಟ್. ಮೊನ್ನೆ ಅದರ ಬೆನ್ನಿಗೆ ಬರಬೇಕಾದ ಮಳೆಯೂ ಬಂತು, ನಲವತ್ತೊಂದು ಸೆಂಟ್. ಎಂಟು ದಿನ ಕಾಫಿ ಹೂವಿನಿಂದ ತೋಟವೆಲ್ಲ ಬೆಳ್ಳಗಿತ್ತು. ಬಾಗಿಲು ತೆರೆದರೆ ವಾಸನೆ ಅಡುಗೆಮನೆ ತನಕ ಬರುತ್ತಿತ್ತು.

ನಿನ್ನ ಕುಳಿಯ ವಿಷಯ ಎರಡು ಸಲ ಓದಿದೆ. ಬೀಳುವವನಿಗೆ ಬಿದ್ದದ್ದು ಗೊತ್ತಾಗುವುದಿಲ್ಲ ಎನ್ನುವುದು ನನಗೆ ಚೆನ್ನಾಗಿ ಅರ್ಥವಾಯಿತು. ನನ್ನ ಮದುವೆಯೂ ಹಾಗೇ ಆದದ್ದು. ಉಳಿದದ್ದು ತಲೆಗೆ ಹತ್ತಲಿಲ್ಲ. ಕಾವು ಹೊರಗೆ ಬರುತ್ತದೆ ಎಂದಾದರೆ ಒಳಗೆ ಏನೋ ಉರಿಯುತ್ತಿದೆ ಎಂದೇ ಆಯಿತಲ್ಲ? ಹಂಡೆಯ ಒಲೆ ಮುಟ್ಟಿ ನೋಡಿದರೆ ಗೊತ್ತಾಗುವುದಿಲ್ಲವಾ? ನೀವು ಓದಿದವರು ಅದನ್ನೇ ಇಷ್ಟು ಸುತ್ತಿಬಳಸಿ ಹೇಳುತ್ತೀರಿ.

ಇನ್ನೊಂದು ಮಾತು. ನೀನು ಅವನನ್ನು ಕಣದಲ್ಲೇ ನಿಲ್ಲಿಸಿಬಿಟ್ಟಿದ್ದೀಯ. ಇಲ್ಲಿ ಅವನು ಕಣದಿಂದ ಬಂದು ಊಟ ಮಾಡಿದ, ಆಮೇಲೆ ಎರಡು ಕೊಯ್ಲು ಮುಗಿಸಿದ, ತಲೆಗೂದಲು ಪೂರ್ತಿ ಬೆಳ್ಳಗಾಗಿದೆ, ಎರಡು ಹಲ್ಲೋ ಮೂರು ಹಲ್ಲೋ ಕೀಳಿಸಿಕೊಂಡಿದ್ದಾನೆ. ನಿನ್ನ ಕಣ್ಣ ಮುಂದಿರುವುದು ಹಳೇ ನಾಗೇಶ.

ನನ್ನ ಕಣ್ಣಿಗೆ ಪೊರೆ ಬಂದಿದೆಯಂತೆ. ಮೂಡಿಗೆರೆ ಡಾಕ್ಟರು ಆಪರೇಷನ್ ಎಂದರು, ನಾನು ಒಲ್ಲೆ ಎಂದೆ. ಸೂಜಿಗೆ ದಾರ ಪೋಣಿಸಲಾಗುವುದಿಲ್ಲ. ಕಾಗದ ಬರೆಯುವುದು ಅಂದಾಜಿನ ಮೇಲೆ, ಸಾಲು ಓರೆಯಾದರೆ ನಗಬೇಡ. ಗೊಬ್ಬರ ಹಾಕಲು ಹದಿನೈದೋ ಇಪ್ಪತ್ತೋ ಆಳು ಬಂದಿದ್ದಾರೆ, ಅವರಿಗೆ ಕಾಫಿ ಕಾಯಿಸಬೇಕು.

ಪಾಪಮ್ಮ

*

ಪುಣೆ
14 ನವೆಂಬರ್ 1999

ಅತ್ತೆ,

ನಿಮ್ಮ ಕಾಗದ ದೀಪಾವಳಿಯ ಮಾರನೆ ದಿನ ಸಿಕ್ಕಿತು. ಹಾಸ್ಟೆಲಿನಲ್ಲಿ ಎಲ್ಲರೂ ಊರಿಗೆ ಹೋಗಿದ್ದರು. ಮೆಸ್ ಮುಚ್ಚಿತ್ತು. ಬಾಗಿಲ ಕೆಳಗಿನಿಂದ ತೂರಿಸಿದ್ದ ಇನ್‌ಲ್ಯಾಂಡ್ ಕಂಡು ಎಷ್ಟು ಖುಷಿಯಾಯಿತೆಂದರೆ, ಚಪ್ಪಲಿ ಬಿಡದೆ ಅಲ್ಲೇ ನಿಂತು ಒಡೆದೆ. ಒಡೆದರೆ ಏನು? ಅಕ್ಟೋಬರ್ ಇಪ್ಪತ್ತಕ್ಕೆ ಎಪ್ಪತ್ತೆರಡು ಸೆಂಟ್. ಇಪ್ಪತ್ತೊಂದಕ್ಕೆ ಹದಿನಾಲ್ಕು ಸೆಂಟ್. ಇಪ್ಪತ್ತಮೂರಕ್ಕೆ ಆರು ಸೆಂಟ್.

ಅತ್ತೆ, ನಾನು ಕಾಫಿ ತೋಟದವರ ಮನೆಯಲ್ಲೇ ಹುಟ್ಟಿದವಳು. ಮದುವೆಮನೆಯಲ್ಲಾಗಲಿ ಸಾವಿನ ಮನೆಯಲ್ಲಾಗಲಿ ನಮ್ಮವರು ಮೊದಲು ಕೇಳುವುದು ‘ನಿಮ್ಮಲ್ಲಿ ಎಷ್ಟು ಸೆಂಟ್’ ಎಂದೇ, ಇಂಚಿನ ನೂರರಲ್ಲಿ ಒಂದು ಪಾಲನ್ನೂ ಬಿಡುವವರಲ್ಲ. ಆದರೆ ಈ ಎರಡು ವರ್ಷದಲ್ಲಿ ನೀವು ಬರೆದ ಒಂದೊಂದು ಕಾಗದವೂ ಮಳೆಯಿಂದ ಶುರುವಾಗುತ್ತದೆ. ನಾನು ಕೇಳುವುದು ಒಂದೇ ಸಾಲು, ಅಪ್ಪ ನನ್ನ ಮಾತು ಎತ್ತಿದರಾ ಎಂದು. ಅದನ್ನು ಬಿಟ್ಟು ಉಳಿದದ್ದೆಲ್ಲ ಇರುತ್ತದೆ. ನನಗೆ ಮಳೆ ಬೇಡ. ಇಲ್ಲಿ ಕೂತು ಗೋಣಿಬೀಡಿನ ಸೆಂಟ್ ಕಟ್ಟಿಕೊಂಡು ನಾನೇನು ಮಾಡಲಿ? ಇನ್ನು ಮೇಲೆ ದಯವಿಟ್ಟು ಅದನ್ನು ಬರೆಯಬೇಡಿ.

ಬೇಸರ ಮಾಡಿಕೊಳ್ಳಬೇಡಿ. ನಾನು ಪ್ರಕಟಣೆಗೆ ಕಳಿಸಿದ್ದ ಲೇಖನ ವಾಪಸು ಬಂದಿದೆ, ಮನಸ್ಸು ಸರಿಯಿಲ್ಲ.

ಶಾಲಿನಿ

*

ಕಲ್ಲುಗುಡ್ಡೆ ಎಸ್ಟೇಟ್
8 ಜನವರಿ 2000

ಚಿ. ಶಾಲಿನಿಗೆ ಆಶೀರ್ವಾದ.

ನೀನು ಬೇಡ ಎಂದದ್ದನ್ನು ಬಿಟ್ಟಿದ್ದೇನೆ. ಬಿಟ್ಟ ಮೇಲೆ ಬರೆಯಲು ಹೆಚ್ಚೇನೂ ಉಳಿಯಲಿಲ್ಲ. ಕೊಯ್ಲು ನಡೆಯುತ್ತಿದೆ. ಲೇಖನ ಇನ್ನೊಮ್ಮೆ ಬರೆದು ಕಳಿಸು. ನಾಗೇಶನ ಬಗ್ಗೆ ಬರೆಯುವಂಥದ್ದು ಏನಿಲ್ಲ. ನಾನು ಕ್ಷೇಮ.

ಪಾಪಮ್ಮ

*

ಕಲ್ಲುಗುಡ್ಡೆ ಎಸ್ಟೇಟ್
30 ಮಾರ್ಚ್ 2002

ಚಿ. ಶಾಲಿನಿಗೆ ಆಶೀರ್ವಾದ.

ಯುಗಾದಿಗೆ ಮೊದಲೇ ನಿನ್ನ ಕಾರ್ಡು ಬಂತು. ನಾನು ಬರೆಯದೆ ತುಂಬಾ ದಿನವಾಯಿತು. ಕಣ್ಣು ಒಂದು ಕಾರಣ, ಉಳಿದದ್ದು ಸೋಮಾರಿತನ ಎಂದು ತಿಳಿದುಕೊ.

ನಿಮ್ಮಪ್ಪ ಚೆನ್ನಾಗಿದ್ದಾನೆ. ಊಟ ನಿದ್ದೆ ಎಲ್ಲ ಸರಿಯಾಗಿದೆ. ನೀನೇನೂ ಯೋಚನೆ ಮಾಡಬೇಡ. ಈಗ ಹೆಚ್ಚು ತಿರುಗಾಟವಿಲ್ಲ, ಮನೆಯಲ್ಲೇ ಇರುತ್ತಾನೆ. ತೋಟವನ್ನು ಕೆಂಚಯ್ಯ ನೋಡಿಕೊಳ್ಳುತ್ತಾನೆ. ಎಲ್ಲ ಕ್ಷೇಮ.

ಪಾಪಮ್ಮ

*

ಪುಣೆ
21 ಏಪ್ರಿಲ್ 2002

ಪ್ರೀತಿಯ ಅತ್ತೆಗೆ,

ನಾಲ್ಕು ವರ್ಷದ ಮೇಲೆ ಅಪ್ಪನ ಬಗ್ಗೆ ಮೂರು ಸಾಲು ಬರೆದಿರಿ. ಅವರು ಚೆನ್ನಾಗಿದ್ದಾರೆಂದು ತಿಳಿದು ಸಮಾಧಾನವಾಯಿತು. ಸುಳ್ಳು ಯಾಕೆ, ಸ್ವಲ್ಪ ಹೊಟ್ಟೆಯೂ ಉರಿಯಿತು. ನಾನಿಲ್ಲದೆಯೇ ಊಟ ನಿದ್ದೆ ಸರಿಯಾಗಿದೆಯಲ್ಲ. ಮನೆಯಲ್ಲಿ ಆರಾಮಾಗಿ ಕೂರುವುದನ್ನೂ ಕಲಿತಿದ್ದಾರೆ. ನಾನಿದ್ದಾಗ ಒಂದು ಗಳಿಗೆ ಕೂರುತ್ತಿರಲಿಲ್ಲ.

ನನ್ನ ಸಂಶೋಧನೆ ಮುಗಿಯಿತು. ಇಲ್ಲೇ ಕೆಲಸವೂ ಸಿಕ್ಕಿದೆ, ಎರಡು ಕೋಣೆಯ ಕ್ವಾರ್ಟರ್ಸ್ ಕೊಟ್ಟಿದ್ದಾರೆ. ನನಗೆ ಒಂದು ಕೋಣೆ ಸಾಕು, ಇನ್ನೊಂದರ ಬಾಗಿಲು ತೆಗೆಯುವುದೇ ಇಲ್ಲ. ಪ್ರಬಂಧದಲ್ಲಿ ನಾನು ತೋರಿಸಿದ್ದು ಕುಳಿಯ ಕಾವಿನಲ್ಲಿ ಸುದ್ದಿ ಏನೂ ಇರುವುದಿಲ್ಲ ಎಂದೇ. ಪರೀಕ್ಷೆ ಮಾಡಲು ಬಂದ ಹಿರಿಯರೊಬ್ಬರು, ‘ಇಲ್ಲ ಎನ್ನುವುದಕ್ಕೂ ನಮಗೆ ಓದಲು ಬಾರದು ಎನ್ನುವುದಕ್ಕೂ ವ್ಯತ್ಯಾಸವಿದೆ’ ಎಂದರು. ನಾನು ಗಟ್ಟಿಯಾಗಿ ವಾದಿಸಿದೆ. ಪದವಿ ಕೊಟ್ಟರು.

ನಾನು ಚೆನ್ನಾಗಿದ್ದೇನೆ. ಗೆಳತಿಯರು ತುಂಬಾ ಜನ ಇದ್ದಾರೆ, ಹೊತ್ತು ಹೋಗುವುದೇ ತಿಳಿಯುವುದಿಲ್ಲ.

ನಿಮ್ಮ
ಶಾಲಿನಿ

*

ಪುಣೆ
1 ಆಗಸ್ಟ್ 2004

ಅತ್ತೆ,

ಈ ಕಾಗದವನ್ನು ಯಾರ ಕೈಲಾದರೂ ಗಟ್ಟಿಯಾಗಿ ಓದಿಸಿಕೊಳ್ಳಿ. ಅಪ್ಪ ಪಕ್ಕದಲ್ಲಿದ್ದರೂ ಓದಿಸಿ.

ಹಿಂದೆ ಪಂಥದ ವಿಷಯ ಬರೆದಿದ್ದೆನಲ್ಲ? ಹೋದ ತಿಂಗಳು ಐರ್ಲೆಂಡಿನ ಒಂದು ಸಭೆಯಲ್ಲಿ, ಸುದ್ದಿ ಅಳಿದುಹೋಗುತ್ತದೆ ಎಂದು ಮೂವತ್ತು ವರ್ಷದಿಂದ ಹೇಳುತ್ತಿದ್ದ ದೊಡ್ಡವರೇ ಎದ್ದು ಸೋಲೊಪ್ಪಿಕೊಂಡರು. ಸುದ್ದಿ ಹೊರಗೆ ಬರುತ್ತದೆ, ಆದರೆ ಗುರುತು ಹಿಡಿಯಲಾಗದ ಹಾಗೆ ಬರುತ್ತದೆ ಎಂದರು. ಎಲ್ಲರೂ ಒಪ್ಪಿಲ್ಲ. ಅವರ ಲೆಕ್ಕ ಇನ್ನೂ ಪೂರ್ತಿಯಾಗಿಲ್ಲ. ಅವರ ಕಡೆಯೇ ಪಂಥ ಕಟ್ಟಿದ್ದ ಇನ್ನೊಬ್ಬರು ಇನ್ನೂ ಸೋಲೊಪ್ಪಿಲ್ಲವಂತೆ. ನಾನೂ ಒಪ್ಪುವವಳಲ್ಲ ಎಂದು ಆ ದಿನ ಊಟದ ಹೊತ್ತಿನಲ್ಲಿ ಜಗಳವಾಡಿದೆ. ಕುಳಿಯಿಂದ ಬಂದ ಕಾವಿನ ಒಂದೊಂದು ಹನಿಯನ್ನೂ ಅಳೆದು ನೋಡಿದ ಹಾಗೆ ಮಾತಾಡುತ್ತೀಯಲ್ಲ ಎಂದು ಗೆಳತಿಯೊಬ್ಬಳು ನಕ್ಕಳು.

ಅಳೆಯುವುದು ಎಂಬ ಮಾತು ಕಿವಿಗೆ ಬಿದ್ದು, ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು ಅತ್ತೆ.

ನೀವು ಯಾವುದನ್ನೂ ಸರಿಯಾಗಿ ಎಣಿಸುವವರಲ್ಲ. ಆಳು ಹದಿನೈದೋ ಇಪ್ಪತ್ತೋ, ಹಲ್ಲು ಎರಡೋ ಮೂರೋ. ನಿಮ್ಮ ವಯಸ್ಸು ಕೇಳಿದರೆ ಅರವತ್ತರ ಮೇಲೆ ಎನ್ನುತ್ತೀರಿ. ಹಾಗಿದ್ದವರು ಮಳೆಯನ್ನು ಮಾತ್ರ ಅರವತ್ತಮೂರು ಸೆಂಟ್, ನಲವತ್ತೊಂದು ಸೆಂಟ್ ಎಂದು ಬರೆದಿರಿ. ನಿಮ್ಮ ಕಣ್ಣಿಗೆ ಸೂಜಿಯ ತೂತು ಕಾಣುವುದಿಲ್ಲ. ಮಳೆ ಅಳೆಯುವ ರೇನ್‌ಗೇಜಿನ ಗ್ಲಾಸಿನ ಮೇಲೆ ಇರುವ ಗೆರೆ ಕೂದಲೆಳೆಯಷ್ಟು ಸಣ್ಣದು. ಆ ಗ್ಲಾಸನ್ನು ಅಪ್ಪ ತೋಟದ ಲೆಕ್ಕ ಬರೆಯುವ ರೈಟರಿಗೂ ಮುಟ್ಟಲು ಕೊಡುತ್ತಿರಲಿಲ್ಲ. ನನಗೊಬ್ಬಳಿಗೆ ಕೊಡುತ್ತಿದ್ದರು. ಅಂಗಳದಲ್ಲಿ ನನ್ನ ಹಿಂದೆ ಕುಕ್ಕುರುಗಾಲಲ್ಲಿ ಕೂತು, ‘ಕಣ್ಣಿನ ಮಟ್ಟಕ್ಕೆ ಹಿಡಿ ಪುಟ್ಟಿ. ನೀರು ಅಂಚಲ್ಲಿ ಮೇಲೆ ಹತ್ತಿರ್ತದೆ, ಅದನ್ನ ನೋಡ್ಬೇಡ. ಮಧ್ಯ ತಗ್ಗಿದೆಯಲ್ಲ, ಅಲ್ಲಿ ಓದು’ ಎನ್ನುತ್ತಿದ್ದರು.

ಆ ಮಳೆಯನ್ನು ನಿಮಗೆ ಹೇಳುತ್ತಿದ್ದವರು ಯಾರು? ಅವರಿಗೆ ನೀವು ಯಾರಿಗೆ ಬರೆಯುತ್ತಿದ್ದೀರೆಂದು ಗೊತ್ತಿತ್ತಾ? ಬೇಡ ಎಂದು ನಾನು ಬರೆದದ್ದನ್ನು ಅವರಿಗೆ ಹೇಳಿದಿರಾ?

ನಿಮ್ಮ ಹಳೇ ಕಾಗದಗಳನ್ನೆಲ್ಲ ತೆಗೆದು ಕೂತಿದ್ದೇನೆ. ಬರೀ ಮಳೆ ಓದುತ್ತಿದ್ದೇನೆ.

ಶಾಲಿನಿ

*

ಕಲ್ಲುಗುಡ್ಡೆ ಎಸ್ಟೇಟ್
19 ಆಗಸ್ಟ್ 2004

ಚಿ. ಶಾಲಿನಿಗೆ ಆಶೀರ್ವಾದ.

ಇದನ್ನು ನಾನು ಹೇಳುತ್ತಿದ್ದೇನೆ, ಸಾವಿತ್ರಮ್ಮನ ಸೊಸೆ ಪ್ರೇಮಕುಮಾರಿ ಬರೆಯುತ್ತಿದ್ದಾಳೆ. ನಿನ್ನ ಕಾಗದ ಓದಿದವಳೂ ಅವಳೇ. ನೀನು ಹೇಳಿದ ಹಾಗೆ ಗಟ್ಟಿಯಾಗಿಯೇ ಓದಿದಳು. ಅವನು ಒಳಕೋಣೆಯಲ್ಲಿದ್ದ, ಬಾಗಿಲು ತೆರೆದಿತ್ತು.

ಅವನೇ ಹೇಳುತ್ತಿದ್ದದ್ದು, ಇನ್ಯಾರು ಹೇಳುತ್ತಾರೆ? ಮೊದಲ ಸಲ ನಿನಗೆ ಉತ್ತರ ಬರೆಯಲು ಜಗಲಿಯಲ್ಲಿ ಕೂತಿದ್ದೆ. ಗೇಜ್ ನೋಡಿ ಬಂದವನು ಇನ್‌ಲ್ಯಾಂಡ್ ಕಂಡ. ಯಾರಿಗೆ ಎಂದು ಕೇಳಲಿಲ್ಲ. ಕಂಬ ಹಿಡಿದು ನಿಂತ. ಆಮೇಲೆ, ‘ನಿನ್ನೆ ಎರಡು ಅರವತ್ಮೂರು, ಮೊನ್ನೆ ನಾಕು ಹದಿನೇಳು. ಬರ್ಕ’ ಎಂದ. ನಾನು ಮುಖ ನೋಡಿದೆ. ‘ನಾನ್ ಹೇಳ್ದೆ ಅಂತ ಬರೀಬೇಡ’ ಎಂದು ಒಳಗೆ ಹೋದ. ಅಲ್ಲಿಂದ ಮುಂದೆ ಪ್ರತಿ ಸಲವೂ ಅಷ್ಟೇ. ನಾನು ಪೆನ್ನು ಎತ್ತಿಕೊಂಡರೆ ಎಲ್ಲಿದ್ದರೂ ಬರುತ್ತಿದ್ದ. ಮಾತು ಕೊಟ್ಟಿದ್ದೆ, ಅದಕ್ಕೇ ನಿನಗೆ ಹೇಳಲಿಲ್ಲ. ನೀನು ಇಷ್ಟು ಓದಿದವಳು, ನಿನಗೇ ತಿಳಿಯುತ್ತದೆ ಎಂದು ನಾನೂ ಸುಮ್ಮನಿದ್ದೆ.

ನೀನು ಬೇಡ ಎಂದದ್ದನ್ನು ಹೇಳಿದೆ. ಹೇಳದೆ ಏನು ಮಾಡಲಿ, ಅವನು ಬಂದು ಎದುರಿಗೆ ನಿಂತಿದ್ದ. ‘ಬ್ಯಾಡ ಅಂದ್ಲಾ?’ ಎಂದ. ‘ಹೂಂ’ ಎಂದೆ. ‘ಸರಿ ಬಿಡು’ ಎಂದ. ಅಲ್ಲಿಂದ ಮೇಲೆ ಗೇಜ್ ನೋಡಿಕೊಂಡು ಬಂದು ಯಾರಿಗೂ ಹೇಳದೆ ಒಳಗೆ ಹೋಗುತ್ತಿದ್ದ. ಬೇರೆ ಎಸ್ಟೇಟಿನವರು ಫೋನ್ ಮಾಡಿ ಎಷ್ಟು ಸೆಂಟ್ ಎಂದರೆ, ನೋಡಿಲ್ಲ ಎನ್ನುತ್ತಿದ್ದ.

ನೀನು ಕಳಿಸಿದ ನಾಲ್ಕು ಕಾಗದವನ್ನು ಅವನು ಒಲೆಗೆ ಹಾಕಿದ್ದು ನಿಜ. ಓದಿದ ಮೇಲೆ ಹಾಕಿದ.

ಈಗ ಇನ್ನೊಂದು ಹೇಳಬೇಕು, ಕೂತುಕೊಂಡು ಓದು. 2002ರಲ್ಲಿ ಶಿವರಾತ್ರಿ ಕಳೆದ ಮೇಲೆ ಅವನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಎರಡೂ ಹೋಯಿತು. ಕಾಲು ಸ್ವಲ್ಪ ಬಂದಿದೆ, ಕೋಲು ಹಿಡಿದು ಜಗಲಿ ತನಕ ಬರುತ್ತಾನೆ. ಮಾತು ತೊದಲು, ನನಗೊಬ್ಬಳಿಗೆ ತಿಳಿಯುತ್ತದೆ. ಚೆನ್ನಾಗಿದ್ದಾನೆ ಎಂದು ನಿನಗೆ ಬರೆಸಿದವನು ಅವನೇ. ‘ಕನಿಕರಕ್ಕೆ ಬರೋದಾದ್ರೆ ಅವ್ಳು ಬರೋದೇ ಬ್ಯಾಡ’ ಎಂದ. ಅಂದು ಅವನ ಬಾಯಲ್ಲಿ ‘ಅವ್ಳು’ ಎಂದು ಬಂತಲ್ಲ ಎಂದು ನನಗೆ ಅಷ್ಟರಲ್ಲೇ ಸಂತೋಷವಾಗಿ, ಹೇಳಿದ ಹಾಗೆ ಬರೆದುಬಿಟ್ಟೆ.

ಗೇಜನ್ನು ಈಗ ಯಾರೂ ನೋಡುವುದಿಲ್ಲ. ಕೆಂಚಯ್ಯ ನೋಡುತ್ತೇನೆ ಎಂದರೆ ಕೋಲು ಎತ್ತಿದ. ಅದರ ಕೊಡದಲ್ಲಿ ನೀರು ತುಂಬಿ ಚೆಲ್ಲಿಹೋಗುತ್ತದೆ. ಅವನು ಕಿಟಕಿಯಿಂದ ನೋಡುತ್ತ ಕೂರುತ್ತಾನೆ.

ನಿನ್ನ ಕಾಗದ ಓದಿ ಮುಗಿಸಿದಾಗ ಒಳಗೆ ಹೋಗಿ ನೋಡಿದೆ. ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ಬರಲು ಹೇಳಲಾ ಎಂದು ಕೇಳಿದೆ. ಬಾ ಎನ್ನಲಿಲ್ಲ. ಬೇಡ ಎಂದೂ ಹೇಳಲಿಲ್ಲ.

ಪಾಪಮ್ಮ

*

ಪುಣೆ
5 ಸೆಪ್ಟೆಂಬರ್ 2004

ಅಪ್ಪ,

ನಿನ್ನೆ ಇಪ್ಪತ್ತಾರು ಸೆಂಟ್. ಮೊನ್ನೆ ಒಂಬತ್ತು.

ಇಲ್ಲಿ ಒಂದು ರೇನ್‌ಗೇಜ್ ಕೊಂಡೆ. ಕ್ವಾರ್ಟರ್ಸಿನ ತಾರಸಿ ಮೇಲೆ ಇಟ್ಟಿದ್ದೇನೆ. ಇದರ ಗ್ಲಾಸಿನಲ್ಲಿ ಮಿಲಿಮೀಟರ್ ಗೆರೆ, ನಾನು ಸೆಂಟ್‌ಗೆ ತಿರುಗಿಸಿಕೊಂಡು ಬರೆಯುತ್ತಿದ್ದೇನೆ.

ಅತ್ತೆಯ ಕಾಗದ ಸಿಕ್ಕಿದ ದಿನವೇ ಬಸ್ ಹತ್ತಬೇಕೆಂದು ಬ್ಯಾಗು ತುಂಬಿದ್ದೆ. ಆಮೇಲೆ ಬಿಚ್ಚಿದೆ. ಕನಿಕರಕ್ಕೆ ಬಂದಳು ಎಂದು ನಿಮಗೆ ಅನ್ನಿಸುವುದು ಬೇಡ. ನನಗೆ ನಿಮ್ಮ ಮೇಲೆ ಕನಿಕರವಿಲ್ಲ, ಸಿಟ್ಟಿದೆ. ಎರಡು ವರ್ಷ ಒಂದೇ ಮನೆಯಲ್ಲಿ ನನ್ನ ಕಾಗದದ ಪಕ್ಕದಲ್ಲೇ ನಿಂತು ಮಳೆ ಮಾತ್ರ ಹೇಳಿದಿರಲ್ಲ. ನಿಮ್ಮನ್ನು ನೋಡಬೇಕೆಂಬ ಆಸೆ ಅದಕ್ಕಿಂತ ದೊಡ್ಡದಿದೆ. ನೀವು ಬಾ ಎಂದ ದಿನ ಬರುತ್ತೇನೆ. ಅಲ್ಲಿಯ ತನಕ ಮಳೆ ಬರೆಯುತ್ತೇನೆ.

ಶಾಲಿನಿ

*

ಪುಣೆ
3 ಅಕ್ಟೋಬರ್ 2004

ಅಪ್ಪ,

ಈ ವಾರ ಎರಡು ಸಲ ಬಂತು. ಹದಿನೆಂಟು ಸೆಂಟ್, ಮೂವತ್ತೈದು ಸೆಂಟ್. ಗುಡುಗು ಜೋರಿತ್ತು. ನೀರಿನ ಮಧ್ಯ ತಗ್ಗಿದ ಕಡೆಯೇ ಓದಿದ್ದೇನೆ.

ಎರಡನೇ ಕೋಣೆಯ ಬಾಗಿಲು ತೆಗೆದೆ. ಗ್ಲಾಸು, ಕೊಡ ಎಲ್ಲ ಅಲ್ಲಿಡುತ್ತೇನೆ.

ಶಾಲಿನಿ

*

ಪುಣೆ
12 ಡಿಸೆಂಬರ್ 2004

ಅಪ್ಪ,

ನವೆಂಬರಿನಿಂದ ಸೊನ್ನೆ. ಮಳೆ ಇಲ್ಲದ ದಿನ ಖಾಲಿ ಬಿಡಬಾರದು, ಸೊನ್ನೆಯನ್ನೂ ಬರೆಯಬೇಕು, ಇಲ್ಲದಿದ್ದರೆ ನೋಡಲಿಲ್ಲ ಎಂದಾಗುತ್ತದೆ ಎಂದು ನೀವೇ ಹೇಳಿಕೊಟ್ಟದ್ದು. ದಿನಾ ಬೆಳಿಗ್ಗೆ ತಾರಸಿ ಹತ್ತಿ ಖಾಲಿ ಕೊಡ ನೋಡಿ ಇಳಿಯುತ್ತೇನೆ. ಪಕ್ಕದ ಮನೆಯವರು ನನಗೆ ಏನೋ ಆಗಿದೆ ಎಂದುಕೊಂಡಿದ್ದಾರೆ.

ಮೊದಲು ಗೆಳತಿಯರು ತುಂಬಾ ಇದ್ದಾರೆಂದು ಅತ್ತೆಗೆ ಬರೆದಿದ್ದೆ. ಅಷ್ಟೇನೂ ಇಲ್ಲ.

ಶಾಲಿನಿ

*

ಪುಣೆ
30 ಜನವರಿ 2005

ಅಪ್ಪ,

ಸೊನ್ನೆ.

ಶಾಲಿನಿ

*

ಕಲ್ಲುಗುಡ್ಡೆ
20 ಫೆಬ್ರವರಿ 2005

ಶಾಲಿನಿ,

ಗೇಜ್ ತಾರಸಿ ಮೇಲೆ ಇಡಬಾರದು. ಗಾಳಿಗೆ ನೀರು ಹಾರಿ ಹೋಗುತ್ತದೆ. ನೆಲದ ಮೇಲೆ ಇಡು. ಗೋಡೆಯಿಂದ, ಮರದಿಂದ ದೂರ. ನೀನು ಕಳಿಸಿದ ಲೆಕ್ಕ ಅಷ್ಟೂ ಕಡಿಮೆ ಬಂದಿದೆ.

ಇಲ್ಲಿಯೂ ಸೊನ್ನೆ.

ಎಡಗೈಯಲ್ಲಿ ಬರೆಯುವುದು ಕಲಿತೆ. ನವೆಂಬರಿನಿಂದ ಇಲ್ಲಿಯ ತನಕ ಹಿಡಿಯಿತು.

ಮೊಗ್ಗು ಕಟ್ಟಿದೆ. ಹೂಮಳೆ ಮುಂದಿನ ತಿಂಗಳು ಬರಬಹುದು. ಗ್ಲಾಸು ಎತ್ತಿ ಹಿಡಿದರೆ ಈ ಕೈ ನಡುಗುತ್ತದೆ. ಅಕ್ಕನಿಗೆ ಗೆರೆ ಕಾಣುವುದಿಲ್ಲ. ಬೇರೆಯವರ ಕೈಗೆ ಕೊಡಲು ನನಗೆ ಮನಸ್ಸಿಲ್ಲ.

ಮಳೆಗೆ ಮುಂಚೆ ಬಾ.

ಅಪ್ಪ